ಮುಪ್ಪಿನ ಕಂಠದಲ್ಲಿ ಹರೆಯದ ಹಾಡು

ಮೆಚ್ಚಿದ ಕವಿಯ ಪುಸ್ತಕವನ್ನು ಓದಿದರೆ ಸಾಕು, ಕವಿಯನ್ನು ಕಾಣುವ ಗೊಡವೆ ಬೇಡ ಎನ್ನುವವರುಂಟು. ಸಂಗೀತಕ್ಕೆ ಈ ವಿವೇಕ ಸಲ್ಲದು. ಹಾಡು ಕಡೆಗೂ ಹಾಡುವವನ ಉಸಿರನ್ನೇ ಆಶ್ರಯಿಸಿದೆ. ಆದರೆ ಇಪ್ಪತ್ತರ ಹರೆಯದವರು ಸಿಟ್ಟಿನಿಂದ ಕಟ್ಟಿದ ಹಾಡನ್ನು ಅವರೇ ಎಪ್ಪತ್ತರ ಹೊಸ್ತಿಲಲ್ಲಿ ನಿಂತು ಹಾಡಿದರೆ ಅದು ಆಗಲೂ ನಿಜವಾಗಿರುತ್ತದೆಯೆ? ಇಂಗ್ಲೆಂಡಿನ ‘ಗ್ಯಾಂಗ್ ಆಫ್ ಫೋರ್’ ಮೇಳ 2025ರಲ್ಲಿ ವಿದಾಯದ ಪ್ರವಾಸ ಕೈಗೊಂಡಾಗ, ಅದರ ಧ್ವನಿಮುದ್ರಿಕೆಗಳನ್ನು ಕಾಲೇಜಿನ ದಿನಗಳಿಂದ ಕೇಳುತ್ತ ಬಂದ ನನ್ನಂಥವರ ಮುಂದಿದ್ದ ಪ್ರಶ್ನೆ ಇದು.

ಮೇಳದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. 1976-77ರ ಸುಮಾರಿಗೆ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಒರಟು ಸಂಗೀತ ರಾಕ್ ಸಂಗೀತದ ಆಡಂಬರವನ್ನು ಧಿಕ್ಕರಿಸಿತು. ಅದರ ಬೆನ್ನಿಗೇ ಬಂದ ಕೆಲವರು, ಧಿಕ್ಕರಿಸಿದರೆ ಸಾಲದು, ಹಾಡಿನ ಕಟ್ಟಡವೇ ಬದಲಾಗಬೇಕು ಎಂದರು. ಅವರ ಸಂಗೀತಕ್ಕೆ ‘ಪೋಸ್ಟ್-ಪಂಕ್’ ಎಂಬ ಹೆಸರು ನಿಂತಿತು. ಲೀಡ್ಸ್ ನಗರದಲ್ಲಿ ವಿದ್ಯಾರ್ಥಿಗಳಾಗಿದ್ದ ಜಾನ್ ಕಿಂಗ್, ಆಂಡಿ ಗಿಲ್, ಹ್ಯೂಗೋ ಬರ್ನ್‌ಹಮ್, ಅವರೊಡನೆ ಸೇರಿದ ಡೇವ್ ಆಲೆನ್—ಈ ನಾಲ್ವರು 1979ರಲ್ಲಿ ‘ಎಂಟರ್‌ಟೇನ್‌ಮೆಂಟ್!’ ಎಂಬ ತಮ್ಮ ಮೊದಲ ಆಲ್ಬಮ್ಮನ್ನು ತಂದರು.

ಮನರಂಜನೆಯೆಂಬ ಆ ಹೆಸರಿನಲ್ಲೇ ಒಂದು ಕುಟುಕಿದೆ. ‘ಡ್ಯಾಮೇಜ್ಡ್ ಗೂಡ್ಸ್’ನಲ್ಲಿ ಮುರಿದ ಒಲವು ಅಂಗಡಿಯ ಲೇವಾದೇವಿಯ ಭಾಷೆಯಲ್ಲಿ ಮಾತಾಡುತ್ತದೆ. ಇನ್ನೊಂದು ಹಾಡಿನಲ್ಲಿ ಟೆಲಿವಿಷನ್ ಮುಂದೆ ಊಟಕ್ಕೆ ಕುಳಿತವನಿಗೆ ಯುದ್ಧದ ವಾರ್ತೆ ಎದುರಾಗುತ್ತದೆ. ‘ಆಂಥ್ರಾಕ್ಸ್’ನಲ್ಲಿ ಒಬ್ಬ ಪ್ರೇಮವನ್ನು ರೋಗವೆಂದು ಹಾಡುತ್ತಿರುವಾಗಲೇ, ಹಾಡುವವರೆಲ್ಲ ಪ್ರೇಮವನ್ನೇ ಏಕೆ ಹಾಡುತ್ತಾರೆಂದು ಇನ್ನೊಂದು ದನಿ ತಣ್ಣಗೆ ವಿಚಾರಿಸುತ್ತದೆ. 1979ರಲ್ಲಿಯೇ ಬಿಬಿಸಿಯ ಜನಪ್ರಿಯ ಕಾರ್ಯಕ್ರಮವೊಂದರಲ್ಲಿ ಹಾಡಲು ಕರೆ ಬಂದಿತ್ತು. ಹಾಡಿನ ಒಂದು ಪದವನ್ನು ಬದಲಿಸಬೇಕೆಂಬ ಬೇಡಿಕೆಗೆ ಅವರು ಮಣಿಯಲಿಲ್ಲ. ಆ ಅವಕಾಶ ತಪ್ಪಿತು.

ಆದ್ದರಿಂದ ಇವು ಹರೆಯ ತನ್ನ ಅಳಲನ್ನು ತೋಡಿಕೊಂಡ ಹಾಡುಗಳಲ್ಲ. ಹಾಗಿದ್ದಿದ್ದರೆ ವೃದ್ಧರ ಬಾಯಲ್ಲಿ ಅವು ವೇಷವಾಗುತ್ತಿದ್ದವು. ಇವು ವಿಚಾರಣೆಯ ಹಾಡುಗಳು. ವಿಚಾರಿಸಿದ ಸಂಗತಿ ಇಂದಿಗೂ ಬಗೆಹರಿಯದಿರುವಾಗ ಪ್ರಶ್ನೆ ಹಳತಾಯಿತೆನ್ನುವುದು ಹೇಗೆ? ಅಂದು ಟೆಲಿವಿಷನ್ನಿನಲ್ಲಿದ್ದ ಯುದ್ಧ ಇಂದು ನಮ್ಮ ಅಂಗೈಯ ಮೊಬೈಲಿನಲ್ಲಿದೆ, ಊಟವೂ ಸಾಗಿದೆ.

ಪ್ರವಾಸದ ಕಛೇರಿಯೊಂದನ್ನು ಕೇಳಿದ ನನಗೆ ಕಿಂಗ್ ಅವರ ವಯಸ್ಸು ಅಡ್ಡಿಯೆನಿಸಲಿಲ್ಲ. ವೇದಿಕೆಯ ಈ ತುದಿಯಿಂದ ಆ ತುದಿಗೆ ಧಾವಿಸುವ ಅವರ ಚಡಪಡಿಕೆಗೆ ಈಗ ಆಯಾಸದ ಭಾರ ಸೇರಿದೆ. ಹಾಡಿಗೆ ಅದು ಒಪ್ಪುತ್ತದೆ. ನಿಜವಾದ ಕೊರತೆ ಬೇರೆಡೆ ಇದೆ. ಗಿಲ್ 2020ರ ಫೆಬ್ರವರಿ 1ರಂದು ತೀರಿಕೊಂಡರು. ಆಲೆನ್ 2025ರ ಏಪ್ರಿಲ್‌ನಲ್ಲಿ ಹೋದರು. ಅವರ ಸ್ಥಾನಗಳಲ್ಲಿ ಟೆಡ್ ಲಿಯೋ ಮತ್ತು ಗೇಲ್ ಗ್ರೀನ್‌ವುಡ್ ನುಡಿಸಿದರು. ಗಿಲ್ ಅವರ ಗಿಟಾರು ರಾಗಾಲಾಪದ ಗಿಟಾರಲ್ಲ. ಬೆಚ್ಚನೆಯ ನಾದವನ್ನೂ ಮೆರೆದಾಡುವ ಏಕವಾದನವನ್ನೂ ಅದು ದೂರವಿಟ್ಟಿತು. ತಗಡು ಕತ್ತರಿಸುವಂಥ ಪೆಟ್ಟು, ಅನಂತರ ಮೌನ, ಮತ್ತೆ ಪೆಟ್ಟು. ಆ ಮೌನಕ್ಕೂ ತಾಳದಲ್ಲಿ ಪಾಲಿತ್ತು. ಲಿಯೋ ಈ ವಿನ್ಯಾಸವನ್ನು ನಿಷ್ಠೆಯಿಂದ ನುಡಿಸುತ್ತಾರೆ. ಆದರೆ ನಿಷ್ಠೆಯೇ ಇಲ್ಲಿ ತೊಡಕು: ಗಿಲ್ ಅವರಲ್ಲಿದ್ದ ಅವಿಧೇಯತೆಯನ್ನು ವಿಧೇಯತೆಯಿಂದ ತರಲು ಬಾರದು.

ಇನ್ನೊಂದು ತೊಡಕು ಕೇಳುಗರಾದ ನಮ್ಮದು. ಕಛೇರಿಯ ಮೊದಲರ್ಧದಲ್ಲಿ ‘ಎಂಟರ್‌ಟೇನ್‌ಮೆಂಟ್!’ ಆಲ್ಬಮ್ಮನ್ನು ಇಡಿಯಾಗಿ ಹಾಡಿದರು. ಮುಂದಿನ ಹಾಡು ಯಾವುದೆಂದು ಎಲ್ಲರೂ ಬಲ್ಲರು, ಅಚ್ಚರಿಗೆ ಎಡೆಯಿಲ್ಲ. ಮೈಕ್ರೋವೇವ್ ಒಲೆಯೊಂದನ್ನು ಬಡಿದು ತಾಳ ಹಾಕುವುದು ಈ ಮೇಳದ ಹೆಸರಾಂತ ರೂಢಿ. ಮನೆಬಳಕೆಯ ಸರಕನ್ನು ಪುಡಿಗಟ್ಟುವ ಈ ಕ್ರಿಯೆ ಮೊದಲು ನೋಡಿದವರನ್ನು ಬೆಚ್ಚಿಸಿರಬೇಕು. ಈಗ ಅಭಿಮಾನಿಗಳು ಅದಕ್ಕಾಗಿಯೇ ಕಾದು, ಮೊಬೈಲು ಎತ್ತಿ ಹಿಡಿಯುತ್ತಾರೆ. ಸರಕಿನ ವಿಮರ್ಶೆಯೇ ಮೆಚ್ಚಿನ ಸರಕಾಗಿಬಿಟ್ಟಿದೆ. ಟಿಕೇಟು ಕೊಂಡು ಹರೆಯವನ್ನು ಒಂದು ಸಂಜೆಗೆ ಬಾಡಿಗೆ ಪಡೆಯುವ ಈ ಕೇಳುಗನೇ ಆ ಹಾಡುಗಳ ಕಥಾನಾಯಕನಲ್ಲವೆ?

ಆದರೂ ಈ ಕಛೇರಿ ವ್ಯರ್ಥವೆಂದು ನಾನು ಹೇಳಲಾರೆ. ಹಳೆಯ ಅಭಿಮಾನಿಯನ್ನು ಮುದ್ದಿಸಿ ಕಳುಹಿಸುವ ಮೇಳಗಳು ಬೇಕಾದಷ್ಟಿವೆ. ಇಲ್ಲಿ ಕುಣಿಯುತ್ತಿರುವ ಕಾಲಿಗೆ, ಏಕೆ ಕುಣಿಯುತ್ತಿರುವೆ ಎಂಬ ಕೇಳ್ವಿ ಹಾಡಿನೊಳಗಿನಿಂದಲೇ ಬರುತ್ತದೆ. ಧ್ವನಿಮುದ್ರಿಕೆಯನ್ನು ಒಬ್ಬನೇ ಕೇಳುವಾಗ ಆ ಆರೋಪ ಲೋಕದ ಮೇಲೆಂದು ತೋರುತ್ತಿತ್ತು. ನರೆತ ತಲೆಗಳ ನಡುವೆ ನಿಂತು ಕೇಳಿದಾಗ ಅದು ಸಭೆಯ ಮೇಲೆಂದು ತಿಳಿಯುತ್ತದೆ. ಸಹೃದಯನನ್ನು ಹೀಗೆ ಕಟಕಟೆಗೆ ಕರೆಯುವ ಶಕ್ತಿ ಉಳಿದಿರುವವರೆಗೆ ಹಾಡು ಮುಪ್ಪಾಯಿತೆನ್ನಲಾಗದು, ಹಾಡುವವರ ವಯಸ್ಸು ಎಷ್ಟೇ ಆಗಿರಲಿ.