ಮಿನಿಮೋಗ್ ಕಲಿಕೆಯಲ್ಲಿ ಮೀಂಡ್ ಎಲ್ಲಿ?

1970ರ ಮಿನಿಮೋಗ್ ಸಿಂಥಸೈಸರನ್ನು ಪರದೆಯ ಮೇಲೆ ತಂದ ಸಾಫ್ಟ್‌ವೇರ್‌ಗಳಿಗೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. 2003ರಲ್ಲಿ ಆರ್ಟುರಿಯಾ ಹೊರತಂದದ್ದಿರಲಿ, 2018ರಲ್ಲಿ ಮೋಗ್ ಕಂಪನಿಯೇ ಐಪ್ಯಾಡಿಗೆ ಕೊಟ್ಟ ಮಾಡೆಲ್ ಡಿ ಇರಲಿ, ವಿಮರ್ಶಕರು ಕೇಳುವುದು ಒಂದೇ ಪ್ರಶ್ನೆ: ಧ್ವನಿ ಮೂಲದಂತಿದೆಯೇ? ಇದೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಕೀಬೋರ್ಡ್ ಹಿಡಿದ ಹುಡುಗ ಹುಡುಗಿಯರು ಕೇಳಬೇಕಾದದ್ದು ಬೇರೆ: ಇದರಿಂದ ನಾವು ಕಲಿಯುವುದೇನು?

ಮೂಲ ಯಂತ್ರ ಕಂಠದ ಹಾಗೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸುವ ಅನುಕೂಲ ಸೇರಿಕೊಂಡಿದೆ. ಕಲಿಯುವವರು ಮೊದಲೇ ಸಿದ್ಧ ಮಾಡಿಟ್ಟ ಧ್ವನಿ, ಅಂದರೆ ಪ್ರೀಸೆಟ್, ತೆರೆದು, ಕಾರ್ಡ್ ಹಿಡಿದು, ಅಲ್ಲಿಗೇ ತೃಪ್ತರಾಗುತ್ತಾರೆ. ಒಂದೇ ಸ್ವರವನ್ನು ಬೆಳೆಸುವ ಪಾಠ ತಪ್ಪಿಹೋಗುತ್ತದೆ.

ದರ್ಬಾರಿ ಕಾನಡಾ ರಾಗದ ಕೋಮಲ ಗಾಂಧಾರವನ್ನೇ ತೆಗೆದುಕೊಳ್ಳಿ. ಗ್ಲೈಡ್ ಗುಂಡಿ ತಿರುಗಿಸಿ ರಿಷಭದಿಂದ ಗಾಂಧಾರಕ್ಕೆ ಹೋದರೆ ಸ್ವರ ಜಾರಿ ನಿಂತುಬಿಡುತ್ತದೆ. ಸ್ವರವನ್ನು ತಾನಾಗಿ ಅಲುಗಾಡಿಸುವ ಎಲ್‌ಎಫ್‌ಒ ಕೂಡಿಸಿದರೆ ಒಂದೇ ಲೆಕ್ಕದಲ್ಲಿ ನಡುಗುತ್ತದೆ. ಎರಡೂ ಈ ಗಾಂಧಾರ ಬೇಡುವ ನಿಧಾನ ತೂಗಾಟವಲ್ಲ, ಆಂದೋಲನವಲ್ಲ. ಈಗ ಎರಡನ್ನೂ ಬಂದ್ ಮಾಡಿ. ಗಾಂಧಾರ ಒತ್ತಿ ಹಿಡಿದು, ಎಡಗೈಯಿಂದ, ಸ್ವರವನ್ನು ಏರಿಸಿ ಇಳಿಸುವ ಪಿಚ್ ವೀಲನ್ನು ಕೆಳಕ್ಕೆ ನಿಧಾನ ಎಳೆದು, ನಿಧಾನ ಬಿಡಿ. ವೀಲ್ ಎರಡು ಸೆಮಿಟೋನಿಗೆ ಹೊಂದಿಸಿದ್ದರೆ ಅರ್ಧ ದಾರಿಯಲ್ಲೇ ರಿಷಭ ಸಿಗುತ್ತದೆ. ಅದಕ್ಕೂ ಮೊದಲೇ ಕೈ ಹಿಂತಿರುಗಬೇಕು. ಎಲ್ಲಿಂದ ತಿರುಗಬೇಕು, ಎಷ್ಟು ತಡೆಯಬೇಕು ಎಂಬುದನ್ನು ಕಿವಿಯೇ ಹೇಳಬೇಕು. ಯಾವ ಪ್ರೀಸೆಟ್ಟೂ ಹೇಳಲಾರದು.

ಕೀಬೋರ್ಡಿನಲ್ಲಿ ರಾಗವೇ ಬರುವುದಿಲ್ಲ ಎನ್ನುವ ಸಂಗೀತ ವಿಮರ್ಶಕರೊಡನೆ ನನ್ನ ತಕರಾರು ಇರುವುದೂ ಇಲ್ಲಿಯೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ, ಅದರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವುದು, ಬಾರದೆಂಬುದು ದೊಡ್ಡ ಆಕ್ಷೇಪವಾಗಿತ್ತು. ಹಾರ್ಮೋನಿಯಂ ಮಟ್ಟಿಗೆ ಆ ಮಾತು ನಿಜ. ಪಿಚ್ ವೀಲ್ ಇರುವ ವಾದ್ಯಕ್ಕೂ ಅದನ್ನೇ ಅಂಟಿಸುವವರು ವಾದ್ಯವನ್ನು ನೋಡಿಲ್ಲ, ಕೀಗಳನ್ನಷ್ಟೇ ನೋಡಿದ್ದಾರೆ. ಹಾಡುಗಾರಿಕೆಯ ಜೊತೆಗೆ ಹಲವು ವಾದ್ಯಗಳನ್ನು ನುಡಿಸಿದ ಪುಟ್ಟರಾಜ ಗವಾಯಿಗಳು ಹಾವೇರಿ ಜಿಲ್ಲೆಯವರೇ. ಅವರ ನಾಡಿನಲ್ಲಿ ವಾದ್ಯದ ಕುಲ ನೋಡಿ ತೀರ್ಪು ಕೊಡುವುದು ಸಲ್ಲದು.

ಸಾಫ್ಟ್‌ವೇರ್ ಚೆನ್ನಾಗಿದೆ, ಅದನ್ನು ಕಲಿಯುತ್ತಿರುವ ರೀತಿ ಸರಿಯಿಲ್ಲ. ಪ್ರೀಸೆಟ್ ಪಟ್ಟಿ ಮುಚ್ಚಿ, ವಾದ್ಯವನ್ನು ಒಂದೇ ಸ್ವರಕ್ಕೆ ಇಳಿಸಿ, ಹಾಡುವ ಗುರುಗಳ ಮುಂದೆ ಕೂತು ಪಿಚ್ ವೀಲ್ ಕಲಿಯಿರಿ.