ಪೀಠ ಬದಲಾದರೆ ಉಳಿಯುವ ಜೀವ

1993ರ ಏಪ್ರಿಲ್ 9. ಮಲೆ ಮಹದೇಶ್ವರ ಬೆಟ್ಟದ ಸೆರಗಿನ ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಹೂತಿಟ್ಟಿದ್ದ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬಿಡುಗಡೆ ಸಿಗಬಹುದೆಂದು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಸಾಲದೆಂಬಂತೆ 2004ರಲ್ಲಿ ಶಿಕ್ಷೆಯನ್ನು ತಾನಾಗಿಯೇ ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ದೆಹಲಿಯಲ್ಲಿ ಒಂಬತ್ತು ವರ್ಷ ಕೊಳೆಯಿತು. 2013ರ ಫೆಬ್ರವರಿಯಲ್ಲಿ ಅದು ತಿರಸ್ಕೃತವಾದಾಗ ರಾಜ್ಯದ ಕಣ್ಣೆಲ್ಲ ಅವರಿದ್ದ ಬೆಳಗಾವಿಯ ಹಿಂಡಲಗಾ ಜೈಲಿನ ಮೇಲೆ. ಆಗ ತಡೆ ಕೊಟ್ಟದ್ದೂ ಸುಪ್ರೀಂ ಕೋರ್ಟೇ. 2014ರ ಜನವರಿ 21ರಂದು, ಇಷ್ಟು ವರ್ಷ ಸಾವಿನ ನೆರಳಲ್ಲಿ ಕಾಯಿಸಿದ್ದೇ ಅನ್ಯಾಯವೆಂದು ಹೇಳಿ ಅದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಜೀವಾವಧಿ, ಗಲ್ಲು, ಮತ್ತೆ ಜೀವಾವಧಿ. ಇಷ್ಟರ ನಡುವೆ ಅಪರಾಧ ಅದೇ ಇತ್ತು, ಸಾಕ್ಷ್ಯವೂ ಅದೇ.

ಎಲ್ಲಾದರೂ ಘೋರ ಕೊಲೆಯೋ ಅತ್ಯಾಚಾರವೋ ನಡೆದ ಮರುದಿನ ಬೀದಿಯಲ್ಲಿ ‘ಗಲ್ಲಿಗೇರಿಸಿ’ ಎಂಬ ಕೂಗು ಏಳುತ್ತದೆ. ಆ ಸಿಟ್ಟನ್ನು ತಪ್ಪೆನ್ನಲಾಗದು. ಮಗಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಮಾನವ ಹಕ್ಕಿನ ಪಾಠ ಹೇಳುವ ಧೈರ್ಯ ಯಾರಿಗೂ ಬರಬಾರದು. ಆದರೆ ಆ ಕೂಗು ಕೋರ್ಟಿನ ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದನ್ನು ತೂಗಿ ನೋಡಲೇಬೇಕು.

ತೂಗುವುದಕ್ಕೆ ಒಂದು ತಕ್ಕಡಿ ಇದೆ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮರಣದಂಡನೆಯನ್ನು ಎತ್ತಿಹಿಡಿಯಿತು, ಆದರೆ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಎಂಬ ಬೇಲಿ ಹಾಕಿತು. ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು, ಅವನು ತಿದ್ದಿಕೊಳ್ಳುವ ಸಾಧ್ಯತೆಯನ್ನೂ ಅಳೆಯಬೇಕು ಎಂದಿತು. ಆ ಪೀಠದಲ್ಲಿ ನಾಲ್ವರು ಒಂದು ಕಡೆ, ಪಿ.ಎನ್. ಭಗವತಿ ಒಬ್ಬರೇ ಇನ್ನೊಂದು ಕಡೆ. ಪೀಠದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಪ್ರಾಣ ನಿಂತರೆ ಅದು ಸಮಾನತೆಯಲ್ಲ ಎಂಬುದು ಅವರ ಭಿನ್ನಮತದ ತಿರುಳು. ಓದಲು ಬಚನ್ ಸಿಂಗ್ ತೀರ್ಪು ಎಷ್ಟೇ ವಿವೇಕಪೂರ್ಣವಾಗಿದ್ದರೂ, ನಂತರದ ನಾಲ್ಕು ದಶಕಗಳು ಭಗವತಿಯವರ ಪಕ್ಷವನ್ನೇ ವಹಿಸಿವೆ.

ಅದಕ್ಕೆ ಮೊದಲ ಸಾಕ್ಷಿ ಬೇಗನೇ ಸಿಕ್ಕಿತು. ಉತ್ತರ ಪ್ರದೇಶದ ಒಂದೇ ಕುಟುಂಬದ ನಾಲ್ವರ ಕೊಲೆಯಲ್ಲಿ ಮೂವರಿಗೆ ಗಲ್ಲಾಗಿತ್ತು. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕಾಶ್ಮೀರಾ ಸಿಂಗ್‌ನ ಶಿಕ್ಷೆಯನ್ನು ಒಂದು ಪೀಠ ಜೀವಾವಧಿಗೆ ಇಳಿಸಿತು. ಜೀತಾ ಸಿಂಗ್‌ನ ಅರ್ಜಿ ಇನ್ನೊಂದು ಪೀಠದಲ್ಲಿ ಮೊದಲೇ ಬಿದ್ದುಹೋಗಿತ್ತು. 1981ರ ಅಕ್ಟೋಬರ್ 6ರಂದು ಅವನನ್ನು ನೇಣಿಗೆ ಹಾಕಲಾಯಿತು. ಅದೇ ದಿನ ಸಾಯಬೇಕಿದ್ದ ಹರ್ಬನ್ಸ್ ಸಿಂಗ್ ಕಡೇ ಗಳಿಗೆಯಲ್ಲಿ ಹಾಕಿದ ಅರ್ಜಿಯಿಂದ ಬದುಕಿಕೊಂಡ. ಒಂದೇ ಕೃತ್ಯಕ್ಕೆ ಕೈಹಾಕಿದ ಮೂವರಿಗೆ ಮೂರು ಗತಿ. ಇದನ್ನು ಕಾನೂನು ಎನ್ನುವುದೋ ಲಾಟರಿ ಎನ್ನುವುದೋ?

ಇದು ಹಳೆಯ ಕಥೆ, ಈಗ ಸುಧಾರಿಸಿದೆ ಎನ್ನುವಂತಿಲ್ಲ. ಅಪರಾಧಿಯ ಹಿನ್ನೆಲೆ ನೋಡಬೇಕಿಲ್ಲ, ಅಪರಾಧದ ಕ್ರೌರ್ಯವೊಂದೇ ಸಾಕು ಎಂಬ ಧೋರಣೆಯಿಂದ ರಾಜಸ್ಥಾನದ ರಾವ್ಜಿಗೆ ವಿಧಿಸಿದ ಗಲ್ಲು 1996ರಲ್ಲಿ ಜಾರಿಯಾಯಿತು. ಆ ಧೋರಣೆಯೇ ಬಚನ್ ಸಿಂಗ್ ತೀರ್ಪಿಗೆ ವಿರುದ್ಧವಾಗಿತ್ತೆಂದು ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದು 2009ರಲ್ಲಿ. ಅಷ್ಟರೊಳಗೆ ಅದೇ ಜಾಡಿನಲ್ಲಿ ಇನ್ನೂ ಹಲವರಿಗೆ ಗಲ್ಲು ವಿಧಿಸಲಾಗಿತ್ತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು, ಉಳಿದವರನ್ನಾದರೂ ಉಳಿಸಿ ಎಂದು ರಾಷ್ಟ್ರಪತಿಗೆ ಪತ್ರ ಬರೆದರು. ನೇಣು ಕಂಡವನಿಗೆ ಆ ಪತ್ರದಿಂದ ಏನು ಪ್ರಯೋಜನ?

ಮಹಾರಾಷ್ಟ್ರದ ಕಥೆ ಇದಕ್ಕಿಂತ ಭಾರ. 2003ರಲ್ಲಿ ನಾಸಿಕ್ ಜಿಲ್ಲೆಯ ಒಂದು ಕುಟುಂಬದ ಮೇಲೆ ದಾಳಿಯಾಗಿ ಐವರು ಸತ್ತರು. ಅಲೆಮಾರಿ ಸಮುದಾಯದ ಆರು ಜನ ಸಿಕ್ಕಿಬಿದ್ದರು. ಹೈಕೋರ್ಟು ಮೂವರಿಗೆ ಗಲ್ಲು ತಪ್ಪಿಸಿದ್ದರೆ, 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲೆಂದಿತು. ಹತ್ತು ವರ್ಷದ ನಂತರ, 2019ರಲ್ಲಿ, ಅದೇ ನ್ಯಾಯಾಲಯ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೊ ಸಂಗ್ರಹದಲ್ಲಿ ಮೊದಲು ಗುರುತಿಸಿದ್ದು ಬೇರೆಯೇ ನಾಲ್ವರನ್ನು. ತನಿಖೆ ಅದನ್ನು ಬದಿಗೆ ತಳ್ಳಿತ್ತು. ಹದಿನಾರು ವರ್ಷದ ಸೆರೆಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ. ಶಿಕ್ಷೆ ತಕ್ಷಣ ಜಾರಿಯಾಗಬೇಕೆಂಬ ಬೇಡಿಕೆಯನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡಿದರೆ ಎದೆ ನಡುಗುತ್ತದೆ.

ನಿರಪರಾಧಿಗಳ ಮಾತು ಬಿಡಿ, ತಪ್ಪೇ ಇಲ್ಲವೆನ್ನಲಾಗದ ಮನುಷ್ಯನದೇನು? ಕನ್ನಡಿಗರು ಉಮೇಶ್ ರೆಡ್ಡಿಯ ಹೆಸರು ಮರೆತಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಮಹಿಳೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಂದ ಪ್ರಕರಣದಲ್ಲಿ ಆಕೆಯ ಎಳೆಯ ಮಗನೇ ಸಾಕ್ಷಿ ನುಡಿಯಬೇಕಾಯಿತು. 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಗಲ್ಲೆಂದರು, ಇನ್ನೊಬ್ಬರು ಜೀವಾವಧಿಯೆಂದರು, ಮೂರನೆಯವರು ಗಲ್ಲಿನ ಕಡೆ ವಾಲಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಾಯಂಗೊಳಿಸಿತು. ಇವನನ್ನು ಹಿಂಡಲಗಾದಲ್ಲಿ ಹತ್ತು ವರ್ಷ ಏಕಾಂತ ಸೆರೆಯಲ್ಲಿಟ್ಟಿದ್ದರು. ಕ್ಷಮಾದಾನದ ಬಾಗಿಲು ಮುಚ್ಚುವ ಮೊದಲು ಹಾಗೆ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿಯಾಗಿತ್ತು. ಆ ಅಕ್ರಮದ ಕಾರಣಕ್ಕೆ 2022ರ ನವೆಂಬರಿನಲ್ಲಿ ಗಲ್ಲು ರದ್ದಾಗಿ, ಕನಿಷ್ಠ 30 ವರ್ಷದ ಸೆರೆಯಾಯಿತು. ಕಠಿಣ ಶಿಕ್ಷೆ ಕೊಡುತ್ತೇವೆಂದು ಹೊರಟ ವ್ಯವಸ್ಥೆಗೆ ಕೈದಿಯನ್ನು ಕಾನೂನಿನ ಪ್ರಕಾರ ಇಟ್ಟುಕೊಳ್ಳುವುದೂ ಆಗಲಿಲ್ಲ. ಅಂದು ಸಾಕ್ಷಿ ಹೇಳಿದ ಹುಡುಗ ಅಂತಿಮ ತೀರ್ಪಿಗಾಗಿ 24 ವರ್ಷ ಕಾದ. ಅವನ ಹೆಸರಿನಲ್ಲೇ ಅಲ್ಲವೇ ಗಲ್ಲು ಕೇಳಿದ್ದು?

ಕಾನೂನು ಮಾಡುವವರು ಮಾತ್ರ ಗಲ್ಲಿನ ಪಟ್ಟಿಯನ್ನು ಉದ್ದ ಮಾಡುತ್ತಲೇ ಇದ್ದಾರೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದಿತ್ತು. ದೇಶವೇ ಕುದಿಯುತ್ತಿದ್ದ ಹೊತ್ತಿನಲ್ಲಿ ಹಾಗೆ ಹೇಳಲು ಎದೆಗಾರಿಕೆ ಬೇಕಿತ್ತು. ಸರ್ಕಾರ ಕೇಳಲಿಲ್ಲ. 2018ರಲ್ಲಿ 12 ವರ್ಷದೊಳಗಿನ ಮಕ್ಕಳ ಮೇಲಿನ ಅತ್ಯಾಚಾರಕ್ಕೂ ಗಲ್ಲು ಬಂತು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಹತ್ತು ಅತ್ಯಾಚಾರ ಪ್ರಕರಣಗಳಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಮನೆಯವ. ಚಿಕ್ಕಪ್ಪ ಗಲ್ಲಿಗೆ ಹೋಗುತ್ತಾನೆಂದರೆ ಎಷ್ಟು ಮನೆಗಳು ಮಗುವಿನ ಬಾಯಿ ಮುಚ್ಚಿಸುವುದಿಲ್ಲ? ಠಾಣೆಯ ಮೆಟ್ಟಿಲೇರಿ ವಿಚಾರಣೆ ಮುಗಿದ ಪ್ರಕರಣಗಳಲ್ಲೂ ಇತ್ತೀಚಿನ ವರ್ಷಗಳಲ್ಲಿ ಶಿಕ್ಷೆಯಾಗಿರುವುದು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ. ಎಪ್ಪತ್ತು ಮಂದಿ ಹೊರಗೆ ನಡೆದು ಹೋಗುವ ಕಡೆ ಹಗ್ಗ ಎಷ್ಟು ಗಟ್ಟಿಯಾಗಿದ್ದರೇನು? ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೊತ್ತಿಗೆ ಸರಿಯಾಗಿ ಬರುವುದು, ಸಾಕ್ಷಿಗೆ ರಕ್ಷಣೆ ಸಿಗುವುದು, ಸರ್ಕಾರಿ ವಕೀಲ ಕಡತ ಓದಿಕೊಂಡು ಬರುವುದು ಅಪರಾಧಿಗೆ ನೇಣಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ಇದಕ್ಕೆ ದುಡ್ಡು ಬೇಕು, ಮುತುವರ್ಜಿ ಬೇಕು. ತಿದ್ದುಪಡಿಗೆ ಒಂದು ಅಧಿವೇಶನ ಸಾಕು.

ಹಾಗಾದರೆ ಕಠಿಣ ಶಿಕ್ಷೆ ಬೇಡವೇ? ಬೇಕು. ಅದರ ದಾರಿಯನ್ನು ತೋರಿಸಿದ್ದು ಬೆಂಗಳೂರಿನದೇ ಒಂದು ಪ್ರಕರಣ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು ಆಸ್ತಿಯ ಆಸೆಗೆ ಗಂಡ ಸ್ವಾಮಿ ಶ್ರದ್ಧಾನಂದ 1991ರಲ್ಲಿ ಕೊಂದು ಮನೆಯಂಗಳದಲ್ಲೇ ಹೂತಿದ್ದ. ಮೂರು ವರ್ಷ ಆ ನೆಲದ ಮೇಲೇ ಓಡಾಡಿಕೊಂಡಿದ್ದ. ಸುಪ್ರೀಂ ಕೋರ್ಟಿನಲ್ಲಿ ಇಲ್ಲಿಯೂ ಇಬ್ಬರಲ್ಲಿ ಒಡಕು: ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ಜೀವಾವಧಿ. 2008ರಲ್ಲಿ ಮೂವರ ಪೀಠ ಗಲ್ಲನ್ನು ತೆಗೆದು, ಕೊನೆಯುಸಿರಿನವರೆಗೆ ಬಿಡುಗಡೆಯಿಲ್ಲದ ಸೆರೆ ಎಂದಿತು. ಹದಿನಾಲ್ಕು ವರ್ಷಕ್ಕೆ ಹೊರಬರುವ ಜೀವಾವಧಿಗೂ ಗಲ್ಲಿಗೂ ನಡುವೆ ಒಂದು ಗಟ್ಟಿ ನೆಲ ಸಿಕ್ಕಿತು. 2015ರಲ್ಲಿ ಸಂವಿಧಾನ ಪೀಠವೂ ಅದಕ್ಕೆ ಒಪ್ಪಿಗೆ ಹಾಕಿತು. ಸಾಕ್ಷ್ಯದಲ್ಲಿ ತಪ್ಪಾಗಿದೆ ಎಂದು ನಾಳೆ ತಿಳಿದರೆ ಇಂಥ ಶಿಕ್ಷೆಯಲ್ಲಿ ಕೈದಿ ಬದುಕಿರುತ್ತಾನೆ. ತಪ್ಪಿಲ್ಲದಿದ್ದರೆ ಸಮಾಜ ಸುರಕ್ಷಿತವಾಗಿರುತ್ತದೆ. ಇದು ಮೃದುವಾದ ಶಿಕ್ಷೆಯೆಂದು ಭಾವಿಸುವವರು 2024ನ್ನು ನೆನೆಯಬೇಕು. ಎಂಬತ್ತು ದಾಟಿದ ಶ್ರದ್ಧಾನಂದ ಆ ವರ್ಷ ಬಿಡುಗಡೆ ಬೇಡಿ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದ. ಕೋರ್ಟು ಒಪ್ಪಲಿಲ್ಲ.