ದೊಡ್ಡ ಅವಿಭಾಜ್ಯದ ಸುದ್ದಿ: ಗಾತ್ರ ಉಂಟು, ಗಣಿತವೆಲ್ಲಿ?

2024ರ ಅಕ್ಟೋಬರ್‌ನಲ್ಲಿ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯ ಸಂಖ್ಯೆ ಪತ್ತೆಯಾಯಿತು. ಅದರಲ್ಲಿ 4,10,24,320 ಅಂಕೆಗಳಿವೆ. 2018ರಲ್ಲಿ ಸಿಕ್ಕಿದ್ದ 2⁸²⁵⁸⁹⁹³³ − 1ರ ದಾಖಲೆಯನ್ನು ಅದು ಮುರಿಯಿತು. ಇಂಥ ಶೋಧಗಳ ಬಗ್ಗೆ ಬರುವ ಜನಪ್ರಿಯ ಬರಹಗಳಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಕಾಣಸಿಗುತ್ತವೆ.

ಮೊದಲನೆಯದು, ‘ಅತಿ ದೊಡ್ಡ ಅವಿಭಾಜ್ಯ’ ಎಂಬ ತಲೆಬರಹ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ. 1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಾಂಕಕ್ಕೂ ಅದರ ಇಮ್ಮಡಿಗೂ ನಡುವೆ ಒಂದಾದರೂ ಅವಿಭಾಜ್ಯವಿರುತ್ತದೆ ಎಂದು 19ನೆಯ ಶತಮಾನದಲ್ಲಿ ಚೆಬಿಶೇವ್ ತೋರಿಸಿದ. ಆದ್ದರಿಂದ ‘ತಿಳಿದಿರುವವುಗಳಲ್ಲಿ’ ಎಂಬ ಪದ ಬಿಟ್ಟರೆ ವಾಕ್ಯವೇ ತಪ್ಪಾಗುತ್ತದೆ.

ಎರಡನೆಯದು, ಇದು ಬ್ಯಾಂಕಿನ ಗೂಢಲಿಪಿಗೆ ಉಪಯುಕ್ತ ಎಂಬ ಮಾತು. ರೂಢಿಯಲ್ಲಿರುವ ಆರ್‌ಎಸ್‌ಎ ವಿಧಾನಕ್ಕೆ ಸುಮಾರು 300 ಅಂಕೆಗಳ ಎರಡು ಅವಿಭಾಜ್ಯಗಳು ಸಾಕು, ಅವು ಗುಟ್ಟಾಗಿರಬೇಕು. ಜಗತ್ತಿಗೆಲ್ಲ ಗೊತ್ತಾದ ಸಂಖ್ಯೆಯಿಂದ ಬೀಗ ಮಾಡಲಾದೀತೆ?

ಮೂರನೆಯದೇ ದೊಡ್ಡ ದೋಷ: ಅಂಕೆಗಳನ್ನು ಎಣಿಸಿ, ಸಂಖ್ಯೆಯ ಗುಣವನ್ನು ಹೇಳದಿರುವುದು. ಇದು ಮರ್ಸೆನ್ ರೂಪದ ಸಂಖ್ಯೆ. ಇಂಥ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಬೇಕು, ಅಷ್ಟೇ ಸಾಲದು. 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89.

ಪರೀಕ್ಷೆಗೆ ಲೂಕಾಸ್-ಲೆಹ್ಮರ್ ವಿಧಾನವಿದೆ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ. 2⁵ − 1 = 31ಕ್ಕೆ ಮೂರು ಹಂತ: 14, 8, 0. ಹೊಸ ಸಂಖ್ಯೆಗೆ 13,62,79,839 ಹಂತಗಳು ಬೇಕು. ಕಂಪ್ಯೂಟರ್ ಬೇಕಾದದ್ದು ಇದಕ್ಕೆ.

2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಪ್ರಕಟಿಸಿದ ಪರೀಕ್ಷೆ ಬೇರೆ ಬಗೆಯದು. ಅದು ಯಾವುದೇ ರೂಪದ ಸಂಖ್ಯೆಗೂ ಅನ್ವಯಿಸುತ್ತದೆ. ಸಿದ್ಧಾಂತದಲ್ಲಿ ಬಹು ದೊಡ್ಡ ಸಾಧನೆ, ದಾಖಲೆ ಮುರಿಯಲು ಮಾತ್ರ ತೀರ ನಿಧಾನ. ಇವೆರಡನ್ನೂ ಬೆರೆಸಬಾರದು.

ಗಾತ್ರವನ್ನಷ್ಟೇ ಹೇಳಿದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ವಿದ್ಯಾರ್ಥಿಗಳಿಗೆ ಗಣಿತವೆಂದರೆ ದೂರದ ಯಂತ್ರಗಳ ಪವಾಡವೆನಿಸುತ್ತದೆ. ಬದಲಿಗೆ ಈ ಸಂಖ್ಯೆಯ ಕೊನೆಯ ಅಂಕೆಯನ್ನು ಕೇಳಿ. 2ರ ಘಾತಗಳು 2, 4, 8, 6 ಎಂದು ಕೊನೆಗೊಳ್ಳುತ್ತ ಮರುಕಳಿಸುತ್ತವೆ. ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಆ ಘಾತದ ಕೊನೆಯ ಅಂಕೆ 2, ಒಂದು ಕಳೆದರೆ 1. ನಾಲ್ಕು ಕೋಟಿಗೂ ಮಿಕ್ಕ ಅಂಕೆಗಳ ಸಂಖ್ಯೆಯ ಒಂದು ನಿಜ ಹೀಗೆ ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಸಿದ್ಧವಾಗುತ್ತದೆ. ವಿಜ್ಞಾನ ಬರಹಗಾರರು ಕೊಡಬೇಕಾದದ್ದು ಇದನ್ನು.